66, 75, 100: ಬನಹಟ್ಟಿಯ ಬಿಸಿಲು ಮತ್ತು ಹಳೆಯ ಕಂಪ್ಯೂಟರಿನ ವೇಗ

ವಿದ್ಯುತ್ ಮಗ್ಗದ ವೇಗ ಹೆಚ್ಚಿಸಲು ಮೋಟರಿನ ಪುಲ್ಲಿ ಬದಲಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಆ ಸುತ್ತು ಪಟ್ಟಾ ಮತ್ತು ಹಲ್ಲುಚಕ್ರಗಳ ಮೂಲಕ ಇಳಿದು ಬಂದು ಮಗ್ಗದ ದಂಡವನ್ನು ತಿರುಗಿಸುತ್ತದೆ. ದಂಡದ ಒಂದು ಸುತ್ತಿಗೆ ಲಾಳಿಯ ಒಂದು ಓಟ. ಪುಲ್ಲಿಯ ವ್ಯಾಸ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಮಗ್ಗದ ವೇಗವೂ ಅಷ್ಟೇ ಹೆಚ್ಚುತ್ತದೆ. ಮೋಟರು ಅದೇ, ಮಗ್ಗ ಅದೇ, ನೂಲೂ ಅದೇ. ತೊಂದರೆ ತೋರುವುದು ಲಾಳಿಯ ದಾರಿಯಲ್ಲಿ. ನಿಮಿಷಕ್ಕೆ 150 ಓಟವಿದ್ದಾಗ ಒಂದು ಸುತ್ತಿಗೆ 0.4 ಸೆಕೆಂಡು ಸಿಗುತ್ತದೆ. ಹಾಸಿನ ಎಳೆಗಳು ಬಾಯಿ ತೆರೆದು ನಿಲ್ಲುವುದು ಅದರ ಮೂರರಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ. ಓಟ 180ಕ್ಕೆ ಏರಿದರೆ ಇಡೀ ಸುತ್ತಿಗೆ ಸಿಗುವುದೇ 0.33 ಸೆಕೆಂಡು, ಬಾಯಿ ತೆರೆದಿರುವ ಹೊತ್ತೂ ಅದರಂತೆಯೇ ಇಳಿಯುತ್ತದೆ. ಅಷ್ಟರೊಳಗೆ ಲಾಳಿ ಆಚೆ ಬದಿ ಸೇರದಿದ್ದರೆ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ನೂರಾರು ಎಳೆ ಹರಿಯುತ್ತವೆ. ಲಾಳಿಯನ್ನು ಹೊಡೆಯುವ ಕೋಲಿಗೆ ಹೆಚ್ಚು ಬಲ ಕೊಟ್ಟು ಲಾಳಿಯನ್ನೂ ಬೇಗ ಓಡಿಸಬಹುದು. ಆಗ ಸದ್ದು, ಸವೆತ, ಬಿಸಿ ಮೂರೂ ಕೂಡಿ ಏರುತ್ತವೆ.

ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಅದಕ್ಕೆ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವ ಹವ್ಯಾಸವನ್ನು, ಅಂದರೆ ಓವರ್‌ಕ್ಲಾಕಿಂಗನ್ನು, ಮಗ್ಗಗಳ ಊರಾದ ಬನಹಟ್ಟಿಯ ಓದುಗರಿಗೆ ವಿವರಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ. ಜಕಾರ್ಡ್ ಮಗ್ಗದ ತೂತು ಕಾರ್ಡುಗಳಿಗೂ ಕಂಪ್ಯೂಟರಿಗೂ ನಂಟು ಹಚ್ಚುವ ಮಾತು ಎಲ್ಲರಿಗೂ ಬಾಯಿಪಾಠವಾಗಿದೆ. ಆ ನಂಟು ಇರುವುದು ಆಜ್ಞೆಗಳನ್ನು ಬರೆದಿಡುವ ಬಗೆಯಲ್ಲಿ. ನಾನಿಲ್ಲಿ ನೋಡಲು ಹೊರಟಿರುವುದು ಗಡಿಯಾರದ ನಂಟನ್ನು: ಗೊತ್ತಾದ ಹೊತ್ತಿನೊಳಗೆ ಒಂದು ಓಟ ಮುಗಿಯಬೇಕೆಂಬ ಕಟ್ಟುಪಾಡನ್ನು. ಪ್ರೊಸೆಸರಿನೊಳಗೆ ವಿದ್ಯುತ್ ಸಂಕೇತವೇ ಲಾಳಿ. ಅದನ್ನು ಹೊಡೆಯುವ ಬಲ ವೋಲ್ಟೇಜು. 300 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 3.33 ನ್ಯಾನೋಸೆಕೆಂಡು ಸಿಕ್ಕರೆ 450ರಲ್ಲಿ ಸಿಗುವುದು 2.22. ಸಂಕೇತ ಅಷ್ಟರೊಳಗೆ ಆಚೆ ಬದಿ ಮುಟ್ಟದಿದ್ದರೆ ತಪ್ಪು ಲೆಕ್ಕ ಬರುತ್ತದೆ, ಇಲ್ಲವೆ ಯಂತ್ರ ಅಲ್ಲಾಡದೆ ನಿಲ್ಲುತ್ತದೆ.

ಈ ಟಿಪ್ಪಣಿಯ ಪ್ರಶ್ನೆ ಸಣ್ಣದು. ತಂಪು ಕೋಣೆಗಳಲ್ಲಿ ಹುಟ್ಟಿದ ಓವರ್‌ಕ್ಲಾಕಿಂಗ್ ಲೆಕ್ಕಗಳು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹವೆಯಲ್ಲಿ ನಿಲ್ಲುತ್ತವೆಯೆ? ನಿಲ್ಲದಿದ್ದರೆ ಇಲ್ಲಿಯ ಲೆಕ್ಕ ಯಾವುದು?

ಲೆಕ್ಕಕ್ಕೆ ಆರಿಸಿಕೊಂಡ ಯಂತ್ರ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರು ಮತ್ತು 440ಬಿಎಕ್ಸ್ ಚಿಪ್‌ಸೆಟ್ಟಿನ ಮದರ್‌ಬೋರ್ಡು. ಎರಡೂ 1998ರವು. ಆರಿಸಿದ್ದಕ್ಕೆ ಕಾರಣಗಳಿವೆ. ಆ ವರ್ಷದ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನ್‌ಗೆ ಎರಡನೆಯ ಹಂತದ ಕ್ಯಾಶ್, ಅಂದರೆ ಪ್ರೊಸೆಸರಿನ ಪಕ್ಕದ ವೇಗದ ಸಣ್ಣ ಮೆಮರಿ, ಇರಲೇ ಇಲ್ಲ, ಆದ್ದರಿಂದ ಅದು ಮಂದವಾಗಿತ್ತು. ಆಗಸ್ಟ್ 24ರಂದು ಬಂದ 300ಎ ಚಿಪ್ಪಿನೊಳಗೇ 128 ಕಿಲೋಬೈಟ್ ಕ್ಯಾಶ್ ಇತ್ತು, ಅದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಂ 2ರ 512 ಕಿಲೋಬೈಟ್ ಕ್ಯಾಶ್ ಬೇರೆ ಚಿಪ್ಪುಗಳಲ್ಲಿ ಕುಳಿತು ಅರ್ಧ ವೇಗದಲ್ಲಿ ಓಡುತ್ತಿದ್ದುದರಿಂದ ವೇಗ ಏರಿಸಲು ಹೋದರೆ ಹಲವು ಸಲ ಆ ಚಿಪ್ಪುಗಳೇ ಮೊದಲು ಸೋಲುತ್ತಿದ್ದವು. 300ಎಗೆ ಆ ಅಡ್ಡಿಯಿರಲಿಲ್ಲ. ಬೋರ್ಡಿನ ಸಂಕೇತಗಳ ದಾರಿಯಾದ ಬಸ್ಸಿನ ವೇಗವನ್ನು ಒಂದು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ. 300ಎಯ ಒಳಗಿನ ಗುಣಕ 4.5ಕ್ಕೆ ಬೀಗ ಹಾಕಲಾಗಿತ್ತು, ಆದರೆ ಹೊರಗಿನ ಬಸ್ಸಿನ ವೇಗಕ್ಕೆ ಬೀಗವಿರಲಿಲ್ಲ. 66 ಮೆಗಾಹರ್ಟ್ಸ್ ಬಸ್ಸನ್ನು 100ಕ್ಕೆ ಏರಿಸಿದರೆ 300 ಇದ್ದದ್ದು 450 ಆಗುತ್ತದೆ. 149 ಡಾಲರಿನ ಚಿಪ್ಪು, ಅದೇ ದಿನ 669 ಡಾಲರಿಗೆ ಬಿಡುಗಡೆಯಾದ ಪೆಂಟಿಯಂ 2ರ 450 ಮೆಗಾಹರ್ಟ್ಸ್ ಮಾದರಿಗೆ ಸರಿಸಾಟಿಯಾಗುತ್ತಿತ್ತು. ಇದಕ್ಕೆ ಬೇಕಾದದ್ದು ಮದರ್‌ಬೋರ್ಡಿನ ಸೆಟಪ್ಪಿನಲ್ಲಿ ಒಂದು ಬದಲಾವಣೆ. ಆ ಸೌಕರ್ಯವಿಲ್ಲದ ಬೋರ್ಡಿನಲ್ಲಿ ಹವ್ಯಾಸಿಗಳು ಪ್ರೊಸೆಸರ್ ಕಾರ್ಡಿನ ಬಿ21 ಎಂಬ ಸಂಪರ್ಕ ಪಟ್ಟಿಯ ಮೇಲೆ ಚಿಕ್ಕದೊಂದು ಟೇಪ್ ಚೂರು ಅಂಟಿಸುತ್ತಿದ್ದರು. ಬೋರ್ಡು ಅದನ್ನು 100ರ ಚಿಪ್ಪೆಂದು ತಿಳಿಯುತ್ತಿತ್ತು.

ಈ ಹವ್ಯಾಸ 1998ಕ್ಕಿಂತ ಹಳೆಯದು. 1984ರ ಐಬಿಎಂ ಪಿಸಿ ಎಟಿಯಲ್ಲಿ 12 ಮೆಗಾಹರ್ಟ್ಸ್ ಹರಳಿನ ಮಿಡಿತವನ್ನು ಅರ್ಧ ಮಾಡಿ 6ರಲ್ಲಿ ಪ್ರೊಸೆಸರ್ ಓಡಿಸುತ್ತಿದ್ದರು. ಹರಳು ಬಿಚ್ಚಲು ಬರುವಂತಿತ್ತು. ಜನ ಅದನ್ನು ಕಿತ್ತು 16ರ ಹರಳು ಹಾಕಿ 8 ಮೆಗಾಹರ್ಟ್ಸ್ ಪಡೆದರು. ಐಬಿಎಂ ಮುಂದಿನ ಬಯಾಸ್‌ನಲ್ಲಿ ಅದಕ್ಕೆ ತಡೆ ಹಾಕಿತು. ಪುಲ್ಲಿ ಬದಲಿಸುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ನಮ್ಮ ಬಿಎಕ್ಸ್ ಬೋರ್ಡಿನ ಮೇಲೂ ಒಂದು ಹರಳಿದೆ, 14.318 ಮೆಗಾಹರ್ಟ್ಸ್‌ನದು. 1981ರ ಮೊದಲ ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್ ಬಂದದ್ದು ಇದೇ ಅಂಕಿಯನ್ನು ಮೂರರಿಂದ ಭಾಗಿಸಿ. ಹದಿನೇಳು ವರ್ಷಗಳಲ್ಲಿ ಸುತ್ತಲಿನದೆಲ್ಲ ಬದಲಾದರೂ ಮೂಲ ಮಿಡಿತ ಹಾಗೆಯೇ ಉಳಿದಿರುವುದನ್ನು ನೋಡಿದಾಗಲೆಲ್ಲ ನನಗೆ ಆನಂದವಾಗುತ್ತದೆ.

ಈ ಯಂತ್ರವನ್ನು ಇಂದಿಗೂ ಕಾಪಾಡುವುದಕ್ಕೆ ಕನ್ನಡದ ಕಾರಣವೂ ಇದೆ, ನನಗೆ ಅದೇ ಮುಖ್ಯ. ಡಾಸ್ ಕಾಲದಲ್ಲಿ ಪಿಸಿಗೆ ಕನ್ನಡ ಬರುತ್ತಿದ್ದ ಒಂದು ದಾರಿ ಜಿಸ್ಟ್ ಕಾರ್ಡು. ಐಐಟಿ ಕಾನ್ಪುರದಲ್ಲಿ ಮೊಳೆತ ಈ ತಂತ್ರ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಕಾರ್ಡನ್ನು ಬೋರ್ಡಿನ ಐಎಸ್‌ಎ ಸ್ಲಾಟಿಗೆ ಸಿಕ್ಕಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ನಂಥ ಇಂಗ್ಲಿಷ್ ತಂತ್ರಾಂಶಗಳ ಒಳಗೇ ಕನ್ನಡ ಬರೆಯಬಹುದಾಗಿತ್ತು. ಅಕ್ಷರಗಳು ಇಸ್ಕಿ ಎಂಬ ಸಂಕೇತದಲ್ಲಿ ಕೂರುತ್ತಿದ್ದವು. ಅದೇ 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಇತ್ತ ಯೂನಿಕೋಡ್ ಕನ್ನಡವನ್ನು ಹೊತ್ತು ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಎಕ್ಸ್‌ಪಿಗೆ ಕನಿಷ್ಠ 233 ಮೆಗಾಹರ್ಟ್ಸ್, 64 ಮೆಗಾಬೈಟ್ ಬೇಕು. 300 ಮೆಗಾಹರ್ಟ್ಸ್, 128 ಮೆಗಾಬೈಟ್ ಇದ್ದರೆ ಒಳ್ಳೆಯದೆಂದು ಮೈಕ್ರೋಸಾಫ್ಟ್ ಹೇಳಿತ್ತು. ನಮ್ಮ 300ಎಯ ಹುಟ್ಟುವೇಗ ಸರಿಯಾಗಿ ಅದೇ ಅಂಕಿ. ಬಿಎಕ್ಸ್ ಬೋರ್ಡುಗಳಲ್ಲಿ ಬಹುತೇಕ ಎಲ್ಲಕ್ಕೂ ಐಎಸ್‌ಎ ಸ್ಲಾಟ್ ಇತ್ತು, ಜೊತೆಗೆ ಪಿಸಿಐ, ಎಜಿಪಿ, ಯುಎಸ್‌ಬಿ ಕೂಡ ಇದ್ದವು. ಜಿಸ್ಟ್ ಕಾರ್ಡಿನ ಕನ್ನಡವನ್ನೂ ಯೂನಿಕೋಡಿನ ಕನ್ನಡವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಬಲ್ಲ ಯಂತ್ರಗಳ ಕಾಲ ಬಹಳ ಚಿಕ್ಕದು. ಇದು ಆ ಕಾಲದ ಯಂತ್ರ.

ನಮ್ಮ ಭಾಗದಲ್ಲಿ ಕಂಪ್ಯೂಟರು ಜನಸಾಮಾನ್ಯರ ಕೆಲಸಕ್ಕೆ ಇಳಿದದ್ದೂ ಆ ವರ್ಷಗಳಲ್ಲೇ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ 2001ರ ಹೊತ್ತಿಗೆ ತಾಲ್ಲೂಕು ಕಚೇರಿಗಳಿಗೆ ಬಂದು ಮುಂದೆ ರಾಜ್ಯದ ಆಗಿನ 177 ತಾಲ್ಲೂಕುಗಳನ್ನೂ ಮುಟ್ಟಿತು. ಪಹಣಿಯನ್ನು ಇಲ್ಲಿ ಉತಾರ ಎನ್ನುತ್ತಾರೆ. ಜಮಖಂಡಿ, ಮುಧೋಳ, ಬೀಳಗಿಯ ರೈತರು ಅಚ್ಚಾದ ಕನ್ನಡ ಉತಾರವನ್ನು ಕಂಪ್ಯೂಟರಿನಿಂದ ಪಡೆದದ್ದು ಆಗಲೇ. ರಬಕವಿ-ಬನಹಟ್ಟಿ ಆಗಿನ್ನೂ ಜಮಖಂಡಿ ತಾಲ್ಲೂಕಿನಲ್ಲೇ ಇತ್ತು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ತಂದ ನುಡಿ ಎಂಬ ಕನ್ನಡ ತಂತ್ರಾಂಶಗಳೆರಡೂ ಇದೇ ತಲೆಮಾರಿನ ಯಂತ್ರಗಳ ಮೇಲೆ ಕೈ ಪಳಗಿಸಿದವು.

ಇನ್ನು ಬಿಸಿಯ ಲೆಕ್ಕ. 300ಎ ತನ್ನ ಹುಟ್ಟುವೇಗದಲ್ಲಿ, 2.0 ವೋಲ್ಟ್‌ನಲ್ಲಿ, ಸುಮಾರು 19 ವ್ಯಾಟ್ ಬಿಸಿ ಉಗುಳುತ್ತದೆ. ಅದು ತಾಳಿಕೊಳ್ಳಬಹುದಾದ ಗರಿಷ್ಠ ತಾಪ 85 ಡಿಗ್ರಿ. ಬಿಸಿ ವೇಗದಷ್ಟೇ ಪಾಲಿನಲ್ಲಿ ಏರುತ್ತದೆ, ವೋಲ್ಟೇಜಿನ ವರ್ಗದ ಪಾಲಿನಲ್ಲಿ ಏರುತ್ತದೆ. 450 ಮೆಗಾಹರ್ಟ್ಸ್‌ಗೆ ಒಂದೂವರೆ ಪಟ್ಟು, ಅಂದರೆ 28.5 ವ್ಯಾಟ್. ಸ್ಥಿರವಾಗಿ ಓಡಲೆಂದು ವೋಲ್ಟೇಜನ್ನು 2.2ಕ್ಕೆ ಏರಿಸಿದರೆ ಅದರ ಮೇಲೆ ಮತ್ತೆ 1.21 ಪಟ್ಟು, ಸುಮಾರು 34.5 ವ್ಯಾಟ್. ಕೋಣೆ 20 ಡಿಗ್ರಿ, ಕ್ಯಾಬಿನೆಟ್ಟಿನೊಳಗೆ ಅದಕ್ಕಿಂತ 10 ಹೆಚ್ಚು ಎಂದು ಹಿಡಿಯೋಣ. 30ರಿಂದ 85ಕ್ಕೆ 55 ಡಿಗ್ರಿಯ ಅಂತರವಿದೆ. 34.5 ವ್ಯಾಟನ್ನು ಆ ಅಂತರದೊಳಗೆ ಹೊರಹಾಕಲು ವ್ಯಾಟಿಗೆ 1.59 ಡಿಗ್ರಿಯಷ್ಟೇ ಬಿಸಿಯಾಗುವ ಹೀಟ್‌ಸಿಂಕ್ ಸಾಕು. ತಂಪು ನಾಡಿನ ಹವ್ಯಾಸಿ ಇಲ್ಲಿಗೆ ಲೆಕ್ಕ ಮುಗಿಸಿ ಯಂತ್ರ ಚಾಲೂ ಮಾಡುತ್ತಾನೆ.

ಅದೇ ಹೀಟ್‌ಸಿಂಕನ್ನು ಬನಹಟ್ಟಿಗೆ ತರೋಣ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಾಗಲಕೋಟೆ ಜಿಲ್ಲೆಯಲ್ಲಿ 40 ಡಿಗ್ರಿ ಅಪರೂಪವಲ್ಲ. ಕ್ಯಾಬಿನೆಟ್ಟಿನೊಳಗೆ 50. ಹುಟ್ಟುವೇಗದಲ್ಲಿ 19 ವ್ಯಾಟ್ ಗುಣಿಸು 1.59, ಅಂದರೆ 30 ಡಿಗ್ರಿ ಏರಿಕೆ; ಪ್ರೊಸೆಸರ್ 80ರಲ್ಲಿ ನಿಲ್ಲುತ್ತದೆ. ಬದುಕಿತು. 450ಕ್ಕೆ ಏರಿಸಿದರೆ, ವೋಲ್ಟೇಜ್ ಮುಟ್ಟದೆ ಇದ್ದರೂ, 45 ಡಿಗ್ರಿ ಏರಿಕೆಯಾಗಿ 95ಕ್ಕೆ ಹೋಗುತ್ತದೆ. 2.2 ವೋಲ್ಟ್ ಕೊಟ್ಟರೆ 105. ಬಿಸಿಯಾದಷ್ಟೂ ಟ್ರಾನ್ಸಿಸ್ಟರುಗಳು ಮಂದವಾಗುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಬಲ ಹೆಚ್ಚಿಸಿ ಲಾಳಿಯನ್ನು ಓಡಿಸಲು ಹೊರಟವರಿಗೆ ಆ ಬಲದ ಬಿಸಿಯೇ ಲಾಳಿಯ ಕಾಲು ಹಿಡಿಯುತ್ತದೆ. ಮೇ ತಿಂಗಳಲ್ಲಿ ವೋಲ್ಟೇಜ್ ಏರಿಸುವುದು ಈ ಊರುಗಳಲ್ಲಿ ತಪ್ಪು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ದೊಡ್ಡ ಹೀಟ್‌ಸಿಂಕ್ ಹಾಕಿದರಾಗದೆ ಎಂಬ ಆಕ್ಷೇಪ ನ್ಯಾಯವಾದದ್ದು. ವ್ಯಾಟಿಗೆ 1.0 ಡಿಗ್ರಿಯದೊಂದು ಸಿಕ್ಕರೆ ಮೇ ತಿಂಗಳಲ್ಲೂ 450 ಮೆಗಾಹರ್ಟ್ಸ್ 78.5 ಡಿಗ್ರಿಯಲ್ಲಿ ನಿಲ್ಲುತ್ತದೆ, ಕಾಗದದ ಮೇಲೆ. ಆದರೆ ಮಗ್ಗದ ಊರಿನ ಗಾಳಿಯಲ್ಲಿ ಹತ್ತಿಯ ಜುಂಗು ತೇಲುತ್ತದೆ, ಹಾಸಿನ ನೂಲಿಗೆ ಹಚ್ಚಿದ ಗಂಜಿಯ ಪುಡಿ ಉದುರುತ್ತದೆ. ಬರಿಯ ಮಣ್ಣಿನ ಧೂಳನ್ನು ಊದಿದರೆ ಹಾರಿಹೋಗುತ್ತದೆ. ಜುಂಗು ಹಾಗಲ್ಲ. ಎಳೆ ಎಳೆ ಹೆಣೆದುಕೊಂಡು ಫ್ಯಾನಿನ ಕೆಳಗೆ, ಹೀಟ್‌ಸಿಂಕಿನ ಹಲ್ಲುಗಳ ಬಾಯಿಗೆ ಕಂಬಳಿಯಂತೆ ಕೂರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗಿಳಿಯುವುದಿಲ್ಲ. ಲೆಕ್ಕದಲ್ಲಿ ಇದಕ್ಕೆ ಎಷ್ಟು ಜಾಗವಿದೆ ನೋಡಿ: 35 ಡಿಗ್ರಿಯ ಅಂತರವನ್ನು 28.5 ವ್ಯಾಟಿನಿಂದ ಭಾಗಿಸಿದರೆ 1.23. ಹೀಟ್‌ಸಿಂಕಿನ ಗುಣ ಕಾಲುಭಾಗದಷ್ಟು ಕೆಟ್ಟರೆ ಸಾಕು, ಗೆರೆ ದಾಟುತ್ತದೆ. ಆದ್ದರಿಂದ ಮಗ್ಗದ ಮನೆಯಲ್ಲಿ ಹೀಟ್‌ಸಿಂಕಿನ ಮೇಲೆ ಬರೆದ ಅಂಕಿಯನ್ನು ಹೊಸದಾಗಿ ತಂದ ದಿನದ ಅಂಕಿಯೆಂದೇ ಓದಬೇಕು.

ನೇಯ್ಗೆಗೆ ತೇವ ಬೇಕು ಎಂಬುದು ಇನ್ನೊಂದು ತೊಡಕು. ಒಣಹವೆಯಲ್ಲಿ ಹತ್ತಿ ನೂಲು ಬಿರುಸಾಗಿ ಹರಿಯುತ್ತದೆ. ಅದಕ್ಕೇ ಮಗ್ಗದ ಮನೆಯ ನೆಲಕ್ಕೆ ನೀರು ಚಿಮುಕಿಸುವುದು. ಅದೇ ಒಣಹವೆಯಲ್ಲಿ ಮೈಮೇಲೆ ಸ್ಥಾಯೀವಿದ್ಯುತ್ತು ಕೂಡಿಕೊಳ್ಳುತ್ತದೆ. ನೂಲಿನ ರಾಶಿಯ ಬಳಿ ಓಡಾಡಿ ಬಂದು ಬರಿಗೈಯಲ್ಲಿ ಮೆಮರಿ ಪಟ್ಟಿ ಮುಟ್ಟಿದರೆ ಅದು ಸಾಯಬಹುದು. ಕ್ಯಾಬಿನೆಟ್ಟಿನ ಬರಿಯ ಕಬ್ಬಿಣವನ್ನು ಮೊದಲು ಮುಟ್ಟುವ ಅಭ್ಯಾಸ ಇಲ್ಲಿ ಬೇರೆಡೆಗಿಂತ ಹೆಚ್ಚು ಬೇಕು.

ಈಗ 75ರ ಮಾತು. ಹಲವು ಬಿಎಕ್ಸ್ ಬೋರ್ಡುಗಳಲ್ಲಿ 66 ಮತ್ತು 100ರ ನಡುವೆ 75, 83 ಎಂಬ ಮೆಟ್ಟಿಲುಗಳೂ ಇರುತ್ತವೆ. 75 ಗುಣಿಸು 4.5, ಅಂದರೆ 337 ಮೆಗಾಹರ್ಟ್ಸ್. ಬಿಸಿ 21.4 ವ್ಯಾಟ್. ಮೊದಲಿನ ಸಾಧಾರಣ ಹೀಟ್‌ಸಿಂಕಿನಲ್ಲೇ ಮೇ ಮಧ್ಯಾಹ್ನ 84 ಡಿಗ್ರಿ. ಬೇಸಿಗೆಗೆ ಇದೇ ಹದವಾದ ನಡುದಾರಿಯೆಂದು ಯಾರಿಗಾದರೂ ತೋರುತ್ತದೆ, ಮೊದಲು ನನಗೂ ತೋರಿತ್ತು. ಬಸ್ಸುಗಳ ಲೆಕ್ಕ ಮಾಡಿದ ಮೇಲೆ ಅಭಿಪ್ರಾಯ ಬದಲಾಯಿತು. ಬೋರ್ಡಿನ ಪಿಸಿಐ ಬಸ್ಸು ಮುಖ್ಯ ಬಸ್ಸನ್ನು ಭಾಗಿಸಿ ಹುಟ್ಟುತ್ತದೆ. 66ರಲ್ಲಿ ಎರಡರಿಂದ ಭಾಗಿಸಿ 33. 100ರಲ್ಲಿ ಮೂರರಿಂದ ಭಾಗಿಸಿ ಮತ್ತೆ 33. ಎರಡೂ ಕಟ್ಟುಪಾಡಿನೊಳಗೇ ಇವೆ. 75ರಲ್ಲಿ ಭಾಜಕ ಎರಡೇ, ಆದ್ದರಿಂದ 37.5. 83ರಲ್ಲಿ 41.5. ಹಾರ್ಡ್‌ಡಿಸ್ಕಿನ ನಿಯಂತ್ರಕ ಈ ಪಿಸಿಐಯನ್ನೇ ನೆಚ್ಚಿಕೊಂಡಿದೆ. ಅಲ್ಲಿ ತಪ್ಪಾದರೆ ಯಂತ್ರ ನಿಂತುಹೋಗುವ ಮುಂಚೆಯೇ ಕಡತಗಳು ಸದ್ದಿಲ್ಲದೆ ಕೆಡಬಹುದು. ಐಎಸ್‌ಎ ಬಸ್ಸು ಪಿಸಿಐಯ ಕಾಲುಭಾಗ. 33ರಲ್ಲಿ 8.33 ಮೆಗಾಹರ್ಟ್ಸ್, ಎಟಿ ಕಾಲದ ಕಾರ್ಡುಗಳಿಗೆ ಒಗ್ಗಿದ ವೇಗ. 37.5ರಲ್ಲಿ ಅದು 9.4ರ ಸಮೀಪಕ್ಕೆ ಏರುತ್ತದೆ. ಜಿಸ್ಟ್ ಕಾರ್ಡು ಕುಳಿತಿರುವುದು ಅಲ್ಲಿ. ಪ್ರೊಸೆಸರಿಗೆ ಹೊಸದನ್ನು ತರಬಹುದು, ಆ ಕಾರ್ಡಿಗೆ ಬದಲಿ ಹುಡುಕುವುದು ಕಷ್ಟ. ಕೇವಲ 37 ಮೆಗಾಹರ್ಟ್ಸ್ ಲಾಭಕ್ಕಾಗಿ ಯಂತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗವನ್ನು ಪಣಕ್ಕೊಡ್ಡುವ ಈ ನಡುದಾರಿ ನಮಗೆ ಬೇಡ.

100ರಲ್ಲೂ ಒಂದು ಎಚ್ಚರಿಕೆಯಿದೆ. ಗ್ರಾಫಿಕ್ಸ್ ಕಾರ್ಡಿನ ಎಜಿಪಿ ಬಸ್ಸಿಗೆ ಬಿಎಕ್ಸ್‌ನಲ್ಲಿ ಎರಡೇ ಭಾಗಲೆಕ್ಕ: ಪೂರ್ತಿ, ಇಲ್ಲವೆ ಮೂರರಲ್ಲಿ ಎರಡು. 100ಕ್ಕೆ ಏರಿಸಿದಾಗ ಎರಡನೆಯದು ಆಯ್ಕೆಯಾಗಿದೆಯೆ ಎಂದು ನೋಡಬೇಕು. ಆಗಿದ್ದರೆ ಎಜಿಪಿ ತನ್ನ 66ರಲ್ಲೇ ಇರುತ್ತದೆ. ಮೆಮರಿ ಪಿಸಿ100 ದರ್ಜೆಯದೇ ಆಗಿರಬೇಕು.

ಹಾಗಾದರೆ 100 ಯಾವಾಗ? ಪುಷ್ಯ, ಮಾಘದ ಮಧ್ಯಾಹ್ನ ಕೋಣೆ 28 ಡಿಗ್ರಿ, ಕ್ಯಾಬಿನೆಟ್ಟಿನೊಳಗೆ 38 ಎಂದು ಹಿಡಿದರೆ, ಸಾಧಾರಣ ಹೀಟ್‌ಸಿಂಕಿನಲ್ಲಿ 2.0 ವೋಲ್ಟಿನ 450 ಮೆಗಾಹರ್ಟ್ಸ್ 83 ಡಿಗ್ರಿಗೆ ನಿಲ್ಲುತ್ತದೆ. ಬೆಳಗಿನ ಹೊತ್ತು ಇನ್ನೂ ಕೆಳಗೆ. ಉತ್ತಮ ಹೀಟ್‌ಸಿಂಕ್ ಇದ್ದು ತಿಂಗಳಿಗೊಮ್ಮೆ ಜುಂಗು ತೆಗೆದರೆ ಚಳಿಗಾಲವಿಡೀ ನಿಶ್ಚಿಂತೆ. ಇಲ್ಲಿಯ ಯಂತ್ರಕ್ಕೆ ವರ್ಷವಿಡೀ ಒಂದೇ ವೇಗ ಗೊತ್ತುಮಾಡುವುದು ಸರಿಯಲ್ಲ, ಹಂಗಾಮಿಗೊಂದು ವೇಗವಿರಬೇಕು ಎಂಬುದು ಈ ಟಿಪ್ಪಣಿಯ ಮಾತು. ದೀಪಾವಳಿಯ ನಂತರ 100, ಯುಗಾದಿಯ ಮುಂಚೆ 66, ನಡುವಿನ ಯಾವುದೂ ಬೇಡ.

ಪರೀಕ್ಷೆಯ ಕ್ರಮದಲ್ಲಿ ನಾನು ಬಿಗಿ. ಮೆಮ್‌ಟೆಸ್ಟ್86, ಪ್ರೈಮ್95 ಎಂಬ ಎರಡು ಪರೀಕ್ಷಾ ತಂತ್ರಾಂಶಗಳನ್ನೂ ದಿನದ ಬಿಸಿ ಹೊತ್ತಿನಲ್ಲೇ ಓಡಿಸಬೇಕು. ಜನವರಿಯ ರಾತ್ರಿ ಗೆದ್ದ ಯಂತ್ರ ಫೆಬ್ರವರಿಯ ಮಧ್ಯಾಹ್ನಕ್ಕೆ ಪುರಾವೆಯಾಗದು. ಯಂತ್ರ ನಿಂತಾಗಲೆಲ್ಲ ಓವರ್‌ಕ್ಲಾಕಿಂಗನ್ನೇ ದೂರುವುದೂ ಸರಿಯಲ್ಲ. ಮಗ್ಗ ಮತ್ತು ಪಂಪ್‌ಸೆಟ್ಟಿನ ಮೋಟರುಗಳು ಚಾಲೂ ಆಗುವ ಕ್ಷಣದಲ್ಲಿ ಸಾಮಾನ್ಯಕ್ಕಿಂತ ಐದರಿಂದ ಏಳು ಪಟ್ಟು ಕರೆಂಟು ಎಳೆಯುತ್ತವೆ. ಬನಹಟ್ಟಿಯ ಮಗ್ಗದ ಓಣಿಯಲ್ಲೂ ಮುಧೋಳದ ಕಬ್ಬಿನ ಹೊಲಗಳ ಸುತ್ತಲೂ ದೀಪ ಮಂಕಾಗುವುದು ಆಗಲೇ. ಸಾಧಾರಣ ಎಸ್‌ಎಂಪಿಎಸ್ 180 ವೋಲ್ಟ್‌ನ ಕೆಳಗೆ ಭರವಸೆ ಕೊಡುವುದಿಲ್ಲ, ಇಪ್ಪತ್ತು ಮಿಲಿಸೆಕೆಂಡಿಗಿಂತ ಉದ್ದದ ಕಡಿತವನ್ನು ತಾಳುವ ಭರವಸೆಯೂ ಇಲ್ಲ. ಆದ್ದರಿಂದ ಸೋತ ಪರೀಕ್ಷೆಯನ್ನು ಅದೇ ಹೊತ್ತಿನಲ್ಲಿ 66ರಲ್ಲಿ ಮತ್ತೆ ಮಾಡಬೇಕು. ಆಮೇಲೆ ಮಗ್ಗಗಳು ನಿಲ್ಲುವ ವಾರದ ರಜೆಯ ದಿನ 100ರಲ್ಲಿ ಮಾಡಬೇಕು. ರಜೆಯ ದಿನ ಗೆದ್ದರೆ ತಪ್ಪು ವಿದ್ಯುತ್ತಿನದು, ಯುಪಿಎಸ್ ಬೇಕು. ರಜೆಯ ದಿನವೂ ಸೋತು 66ರಲ್ಲಿ ಗೆದ್ದರೆ ತಪ್ಪು ವೇಗದ್ದು.

ಹೊಸ ಭಾಗಗಳನ್ನು ಹಾಕುವ ವಿಷಯ ಬೇಗ ಮುಗಿಯುತ್ತದೆ. ಎಕ್ಸ್‌ಪಿಯಲ್ಲಿ ಕನ್ನಡ ಬರೆಯುವವನಿಗೆ 300ರಿಂದ 450ಕ್ಕೆ ಏರಿದ್ದಕ್ಕಿಂತ 64ರಿಂದ 256 ಮೆಗಾಬೈಟ್‌ಗೆ ಏರಿದ ಮೆಮರಿ ಹೆಚ್ಚು ತಿಳಿಯುತ್ತದೆ. ಬಿಎಕ್ಸ್ 1 ಗಿಗಾಬೈಟ್‌ವರೆಗೆ ತಾಳುತ್ತದೆ, ಆದರೆ 256ರ ಪಟ್ಟಿಯಲ್ಲಿ ಹದಿನಾರು ಚಿಪ್ಪುಗಳಿರಬೇಕು. ಎಂಟೇ ಇದ್ದರೆ ಅರ್ಧ ಮಾತ್ರ ಕಾಣುತ್ತದೆ. ಇದಕ್ಕಿಂತ ಹಳೆಯ 430ಟಿಎಕ್ಸ್ ಬೋರ್ಡಿನವರು ಹುಷಾರಾಗಿರಬೇಕು. ಅದು 64 ಮೆಗಾಬೈಟಿನ ಆಚೆಗೆ ಕ್ಯಾಶ್ ಮಾಡಲಾರದು, ಮೆಮರಿ ಸೇರಿಸಿದಷ್ಟೂ ಯಂತ್ರ ನಿಧಾನವಾಗಬಹುದು. ಡಿಸ್ಕಿನ ಜಾಗಕ್ಕೆ ಐಡಿಇ ಅಡಾಪ್ಟರಿನ ಮೇಲೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಒಳ್ಳೆಯದು. ಬಿಸಿಯೂ ಕಡಿಮೆ, ಸದ್ದೂ ಇಲ್ಲ. ಬೋರ್ಡಿನ ಕೆಪಾಸಿಟರುಗಳನ್ನು ಮಾತ್ರ ಮರೆಯಬಾರದು. ಹತ್ತು ಡಿಗ್ರಿ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಅರ್ಧವಾಗುತ್ತದೆಂಬುದು ಬಳಕೆಯ ನಿಯಮ. 25 ಡಿಗ್ರಿಯ ಕೋಣೆಗೂ ನಮ್ಮ 40ಕ್ಕೂ ಇರುವ ಅಂತರದಲ್ಲಿ ಆಯಸ್ಸು ಸುಮಾರು 2.8 ಪಟ್ಟು ಇಳಿಯುತ್ತದೆ. ತಲೆ ಉಬ್ಬಿದ್ದು ಒಂದು ಕಂಡರೂ ಆ ಬೋರ್ಡನ್ನು 100ಕ್ಕೆ ಏರಿಸದೆ ಮೊದಲು ಕೆಪಾಸಿಟರ್ ಬದಲಿಸಬೇಕು.

ಅಡಾಪ್ಟರಿನಲ್ಲಿ ಕೂರಿಸಿದ 850 ಮೆಗಾಹರ್ಟ್ಸ್ ಪೆಂಟಿಯಂ 3 ಈ ಎಲ್ಲ ಶ್ರಮಕ್ಕಿಂತ ಹೆಚ್ಚು ವೇಗ ಕೊಡುತ್ತದೆ. ಬಿಸಿಯೂ 22 ವ್ಯಾಟಿನ ಆಸುಪಾಸು, 1.65 ವೋಲ್ಟ್ ಕೊಡಬಲ್ಲ ಬೋರ್ಡಿದ್ದರೆ ಸಾಕು. ಬರಿಯ ವೇಗ ಬೇಕೆನ್ನುವವರು ಆ ದಾರಿ ಹಿಡಿಯಲಿ. 300ಎಯನ್ನೇ ಉಳಿಸಿಕೊಂಡು ಅದರ ಶಕ್ತಿಯ ಅಂಚನ್ನು ಕಾಣುವುದರಲ್ಲಿ ನನಗೆ ಬೇರೆ ಪ್ರೀತಿಯಿದೆ. ಒಳ್ಳೆಯ ನೇಕಾರ ತನ್ನ ಮಗ್ಗದ ಸದ್ದಿನಿಂದಲೇ ಲಾಳಿ ತಡವಾಗುತ್ತಿದೆಯೆಂದು ತಿಳಿಯುತ್ತಾನೆ. ಆ ಮಟ್ಟದ ಪರಿಚಯ ಯಂತ್ರದ ಜೊತೆ ಬೆಳೆಯಬೇಕಾದರೆ ಅದನ್ನು ಅಂಚಿನವರೆಗೆ ಒಯ್ದು ಮರಳಿ ತಂದಿರಬೇಕು.

ಕ್ಯಾಬಿನೆಟ್ಟಿನ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸುವುದು ಒಳ್ಳೆಯದು: ಬಸ್ಸಿನ ವೇಗ, ವೋಲ್ಟೇಜು, ಎಜಿಪಿ ಭಾಗಲೆಕ್ಕ, ಜುಂಗು ತೆಗೆದ ತಾರೀಖು. ಸಿಆರ್2032 ಬ್ಯಾಟರಿ ಸತ್ತ ದಿನ ಸೆಟಪ್ಪಿನ ಅಂಕಿಗಳೆಲ್ಲ ಅಳಿಸಿಹೋಗುತ್ತವೆ, ಚೀಟಿ ಉಳಿದಿರುತ್ತದೆ. ಇಸ್ಕಿಯಲ್ಲಿ ಕೂತ ಹಳೆಯ ಫ್ಲಾಪಿಗಳ ಕನ್ನಡವನ್ನು ಯೂನಿಕೋಡಿಗೆ ಇಳಿಸುವ ಕೆಲಸಕ್ಕೂ ಹಂಗಾಮುಂಟು. ಜಿಸ್ಟ್ ಕಾರ್ಡಿನ ಮೂಲಕ ಓದಿ ಡಿಸ್ಕಿಗೆ ಇಳಿಸುವ ಭಾಗವನ್ನು, ಮೂಲ ಪ್ರತಿಯಲ್ಲಿ ತಪ್ಪು ನುಸುಳದಂತೆ, 66ರಲ್ಲೇ ಮಾಡಬೇಕು. ಪರಿವರ್ತಿಸಿ ತಿದ್ದುವ ಉದ್ದನೆಯ ಕೆಲಸವನ್ನು ದೀಪಾವಳಿಯ ನಂತರ 100ಕ್ಕೆ ಏರಿಸಿ ಮುಂದುವರಿಸಬಹುದು.